ಬೇರೆಯವರ ಮನೆಯ ಆಟಗಾರರು: ಪಾರ್ಕ್ ಜೂ-ಬಾಂಗ್ ಮತ್ತು ಜಪಾನ್ ಡಬಲ್ಸ್

2004ರ ನವೆಂಬರ್‌ನಲ್ಲಿ ಕೊರಿಯಾದ ಪಾರ್ಕ್ ಜೂ-ಬಾಂಗ್ ಜಪಾನ್ ಬ್ಯಾಡ್ಮಿಂಟನ್ ತಂಡದ ಮುಖ್ಯ ಕೋಚ್ ಆಗಿ ಬಂದರು. ಆಗ ಅವರ ಕೈಗೆ ಸಿಕ್ಕಿದ್ದು ಆಟಗಾರರಲ್ಲ, ಆಟಗಾರರ ಬಿಡುವಿನ ದಿನಗಳು. ಆಟಗಾರರು ಕಂಪನಿಗಳಿಗೆ ಸೇರಿದವರು: ಒಸಾಕಾದ ಸಾನ್ಯೊ, ಕುಮಾಮೊಟೊದ ಎನ್‌ಇಸಿ, ಟೋಕಿಯೊದ ನಿಹೋನ್ ಯುನಿಸಿಸ್, ತೊಯಾಮಾದ ತೊನಾಮಿ ಸಾರಿಗೆ. ಸಂಬಳ ಕಂಪನಿಯದು, ಅಭ್ಯಾಸದ ಅಂಗಣ ಕಂಪನಿಯದು, ದಿನವೂ ಕಣ್ಣೆದುರು ನಿಲ್ಲುವ ಕೋಚ್ ಕೂಡ ಕಂಪನಿಯವರೇ. ಚಳಿಗಾಲದ ದೇಶೀಯ ಲೀಗ್‌ನಲ್ಲಿ ಕಂಪನಿ ಗೆದ್ದರೆ ಅದೇ ವರ್ಷದ ದೊಡ್ಡ ಸುದ್ದಿ. ರಾಷ್ಟ್ರೀಯ ಶಿಬಿರವೆಂದರೆ ವಿದೇಶದ ಟೂರ್ನಿಗೆ ಹೊರಡುವ ಕೆಲವೇ ದಿನ ಮುಂಚೆ ಒಟ್ಟು ಸೇರುವುದು. ಅದಾದ ಮೇಲೆ ಎಲ್ಲರೂ ಅವರವರ ಊರಿಗೆ.

ಈ ವ್ಯವಸ್ಥೆಯ ಫಲ ಆ ವರ್ಷವೇ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕಂಡಿತ್ತು. ಜಪಾನಿನ ಬಹುತೇಕ ಆಟಗಾರರು ಮೊದಲ ಸುತ್ತಿನಲ್ಲೇ ಹೊರಬಿದ್ದರು. 1992ರಲ್ಲಿ ಬ್ಯಾಡ್ಮಿಂಟನ್ ಒಲಿಂಪಿಕ್ಸ್‌ಗೆ ಸೇರಿದಾಗಿನಿಂದ ಜಪಾನಿಗೆ ಒಂದು ಪದಕವೂ ಬಂದಿರಲಿಲ್ಲ. ಹಾಗೆಂದು ಜಪಾನಿಗೆ ಆಟವೇ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮಹಿಳೆಯರ ತಂಡ 1966ರಿಂದ 1981ರ ನಡುವೆ ಐದು ಸಲ ಮಹಿಳಾ ತಂಡಗಳ ವಿಶ್ವ ಟೂರ್ನಿ ಉಬರ್ ಕಪ್ ಗೆದ್ದಿತ್ತು. 1970ರ ದಶಕದಲ್ಲಿ ಇಂಗ್ಲೆಂಡಿನ ಹಳೆಯ, ಪ್ರತಿಷ್ಠಿತ ಟೂರ್ನಿ ಆಲ್ ಇಂಗ್ಲೆಂಡ್‌ನ ಮಹಿಳಾ ಡಬಲ್ಸ್ ಪ್ರಶಸ್ತಿ ಮತ್ತೆ ಮತ್ತೆ ಜಪಾನಿಗೇ ಹೋಗುತ್ತಿತ್ತು. 80ರ ದಶಕದಲ್ಲಿ ಚೀನಾ ಅಂತರರಾಷ್ಟ್ರೀಯ ಕಣಕ್ಕೆ ಇಳಿದ ಮೇಲೆ ಆ ಪರಂಪರೆ ಕಡಿದುಹೋಯಿತು. ಶಾಲೆಗಳಲ್ಲಿ ಆಟ ಉಳಿಯಿತು, ಕಂಪನಿಗಳಲ್ಲಿ ಉಳಿಯಿತು, ಜಗತ್ತಿನ ಎದುರು ಗೆಲ್ಲುವ ಅಭ್ಯಾಸ ಮಾತ್ರ ತಪ್ಪಿಹೋಯಿತು.

ಇಂಥ ಕೆಲಸಕ್ಕೆ ಕರೆಸಿದ ಮನುಷ್ಯ ಯಾರು ಎಂಬುದು ಈ ಪ್ರಕರಣದಲ್ಲಿ ಮುಖ್ಯ. ಪಾರ್ಕ್ ಡಬಲ್ಸ್‌ನ ಆಟಗಾರ. 1992ರ ಬಾರ್ಸಿಲೋನಾದಲ್ಲಿ ಕಿಮ್ ಮೂನ್-ಸೂ ಜೊತೆ ಪುರುಷರ ಡಬಲ್ಸ್ ಚಿನ್ನ. ಅದೇ ಜೊತೆಗಾರನೊಂದಿಗೆ 1985 ಮತ್ತು 1991ರಲ್ಲಿ ವಿಶ್ವ ಚಾಂಪಿಯನ್. ಮಿಶ್ರ ಡಬಲ್ಸ್‌ನಲ್ಲಿ 1985ರಲ್ಲಿ ಯೂ ಸಾಂಗ್-ಹೀ, 1989 ಮತ್ತು 1991ರಲ್ಲಿ ಚುಂಗ್ ಮ್ಯುಂಗ್-ಹೀ ಜೊತೆ ವಿಶ್ವ ಪ್ರಶಸ್ತಿ. ಒಮ್ಮೆ ನಿವೃತ್ತರಾಗಿ, ಮರಳಿ ಬಂದು, 1996ರ ಅಟ್ಲಾಂಟಾದಲ್ಲಿ ರಾ ಕ್ಯುಂಗ್-ಮಿನ್ ಜೊತೆ ಮಿಶ್ರ ಡಬಲ್ಸ್ ಬೆಳ್ಳಿ ಪಡೆದರು. ಮೂರು ಬೇರೆ ಬೇರೆ ಜೊತೆಗಾರ್ತಿಯರೊಂದಿಗೆ ಜಗತ್ತಿನ ಫೈನಲ್ ಆಡಿದವರು ಇವರು. ಜೋಡಿ ಎಂಬುದು ಹೇಗೆ ಕೂಡುತ್ತದೆ, ಕೂಡಲು ಎಷ್ಟು ಕಾಲ ಬೇಕು ಎಂಬುದು ಇವರಿಗೆ ಮೈಯಲ್ಲೇ ಗೊತ್ತಿತ್ತು. ಜಪಾನಿಗೆ ಬರುವ ಮುಂಚೆ ಇಂಗ್ಲೆಂಡ್, ಮಲೇಷ್ಯಾ ಮತ್ತು ತಮ್ಮ ದೇಶದ ತಂಡಗಳಿಗೆ ತರಬೇತಿ ಕೊಟ್ಟಿದ್ದರು.

ಅವರು ಮೊದಲು ಕೈ ಹಾಕಿದ್ದು ಹೊಡೆತಗಳಿಗಲ್ಲ, ದಿನಗಳ ಲೆಕ್ಕಕ್ಕೆ. ರಾಷ್ಟ್ರೀಯ ಶಿಬಿರವನ್ನು ವರ್ಷವಿಡೀ ನಿಯಮಿತವಾಗಿ, ದೀರ್ಘವಾಗಿ ನಡೆಸಬೇಕೆಂದು ಪಟ್ಟು ಹಿಡಿದರು. ಕಂಪನಿಗಳು ಸುಲಭಕ್ಕೆ ಒಪ್ಪುವ ಮಾತಲ್ಲ ಇದು: ತಾವು ಸಂಬಳ ಕೊಡುವ ಆಟಗಾರ್ತಿ ತಿಂಗಳ ಬಹುಪಾಲು ಬೇರೆಯವರ ಕೈಯಲ್ಲಿ ಇರುತ್ತಾಳೆಂದರೆ ಯಾರಿಗಾದರೂ ಕಷ್ಟವೇ. 2008ರ ಜನವರಿಯಲ್ಲಿ ಟೋಕಿಯೊದ ಕಿತಾ ವಾರ್ಡ್‌ನಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರ ತೆರೆದದ್ದು ಇಲ್ಲಿ ದೊಡ್ಡ ನೆರವಾಯಿತು. ಅಂಗಣ, ವಸತಿ, ಊಟ, ವೈದ್ಯರು ಎಲ್ಲವೂ ಹತ್ತಿರದಲ್ಲೇ. ಯಾರ ಅಂಗಣದಲ್ಲಿ ಶಿಬಿರ ಎಂಬ ಜಗ್ಗಾಟ ಅಲ್ಲಿಗೆ ಮುಗಿಯಿತು.

ಸಿಂಗಲ್ಸ್ ಆಟಗಾರನೊಬ್ಬ ಕಂಪನಿಯ ಅಂಗಣದಲ್ಲೂ ಬಹಳಷ್ಟು ಕಲಿಯಬಹುದು. ಡಬಲ್ಸ್‌ಗೆ ಶಿಬಿರವೇ ಏಕೆ ಬೇಕು ಎಂಬುದಕ್ಕೆ ಅಂಕಣದ ಅಳತೆಯಲ್ಲೇ ಉತ್ತರವಿದೆ. ಡಬಲ್ಸ್ ಅಂಕಣ 13.40 ಮೀಟರ್ ಉದ್ದ, 6.10 ಮೀಟರ್ ಅಗಲ. ಸರ್ವ್ ಬೀಳಬೇಕಾದ ಜಾಗ ಮಾತ್ರ ಸಿಂಗಲ್ಸ್‌ಗಿಂತ ಗಿಡ್ಡ. ನೆಟ್‌ನಿಂದ 1.98 ಮೀಟರ್ ದೂರದಲ್ಲಿ ಮುಂದಿನ ಗೆರೆ, ಹಿಂಗೆರೆಗಿಂತ 0.76 ಮೀಟರ್ ಒಳಗೆ ಡಬಲ್ಸ್‌ನ ಹಿಂದಿನ ಸರ್ವ್ ಗೆರೆ, ನಡುವೆ ಉಳಿಯುವುದು 3.96 ಮೀಟರ್. ಹಿಂದೆ ಜಾಗ ಕಡಿಮೆ ಇರುವುದರಿಂದ ಸರ್ವ್ ಎದುರಿಸುವವರು ಧೈರ್ಯವಾಗಿ ಮುಂದಿನ ಗೆರೆಗೆ ಅಂಟಿಕೊಂಡು ನಿಲ್ಲುತ್ತಾರೆ. ಗಿಡ್ಡ ಸರ್ವ್ ನೆಟ್‌ನ ಪಟ್ಟಿಗಿಂತ ಒಂದು ಗೇಣು ಮೇಲೆ ಹೋದರೂ ಸಾಕು, ಅದು ಹೊಡೆತ ತಿಂದು ಮರಳುತ್ತದೆ. ಹಾಗಾಗಿ ಸರ್ವ್, ಅದರ ಮರುಹೊಡೆತ, ಸರ್ವ್ ಮಾಡಿದ ಜೋಡಿಯ ಮೂರನೇ ಹೊಡೆತ, ಈ ಮೂರರಲ್ಲೇ ಅರ್ಧದಷ್ಟು ಹೊಡೆತ-ಸರಣಿಗಳ, ಅಂದರೆ ರ‍್ಯಾಲಿಗಳ ದಿಕ್ಕು ನಿರ್ಧಾರವಾಗುತ್ತದೆ. ಮೂರನೇ ಹೊಡೆತ ಸರ್ವ್ ಮಾಡಿದವರದೋ, ಹಿಂದೆ ನಿಂತವರದೋ ಎಂಬುದನ್ನು ಯೋಚಿಸಲು ಸಮಯವಿಲ್ಲ. ಅದು ಮೊದಲೇ ಒಪ್ಪಂದವಾಗಿರಬೇಕು, ಸಾವಿರ ಸಲ ಆಡಿ ಆದ ಒಪ್ಪಂದ.

ಇದಕ್ಕೆ ಇನ್ನೊಂದು ಒತ್ತಡ 2006ರಲ್ಲಿ ಸೇರಿಕೊಂಡಿತು. ಅಲ್ಲಿಯವರೆಗೆ ಸರ್ವ್ ಮಾಡಿದವರಿಗಷ್ಟೇ ಅಂಕ. ಡಬಲ್ಸ್‌ನಲ್ಲಿ ಒಬ್ಬರ ಸರ್ವ್ ಹೋದರೆ ಜೊತೆಗಾರರಿಗೆ ಎರಡನೇ ಸರ್ವ್ ಇರುತ್ತಿತ್ತು. ಆ ವರ್ಷ ಪ್ರತಿ ರ‍್ಯಾಲಿಗೂ ಅಂಕ ಬರುವ 21ರ ಪದ್ಧತಿ ಬಂತು, ಎರಡನೇ ಸರ್ವ್ ಹೋಯಿತು. ಕೆಟ್ಟ ಸರ್ವ್ ಮೊದಲು ಅವಕಾಶವನ್ನಷ್ಟೇ ಕಳೆಯುತ್ತಿತ್ತು, ಈಗ ನೇರವಾಗಿ ಅಂಕವನ್ನೇ ಕಳೆಯಿತು. ಪಾರ್ಕ್ ಅವರ ಶಿಬಿರಗಳು ಬೇರೂರುತ್ತಿದ್ದ ಹೊತ್ತಿಗೇ ಈ ಬದಲಾವಣೆ ಆದದ್ದು ಜಪಾನಿಗೆ ಅನುಕೂಲವಾಯಿತು ಎಂದೇ ನಮ್ಮ ಎಣಿಕೆ. ತಪ್ಪು ಕಡಿಮೆ ಮಾಡುವ, ಷಟಲ್ ಅನ್ನು ಮತ್ತೆ ಮತ್ತೆ ಎತ್ತಿ ಕೊಡುವ, ದಣಿಯದ ಜೋಡಿಗಳಿಗೆ ಬೆಲೆ ಬಂದ ಕಾಲ ಅದು.

ಮಹಿಳಾ ಡಬಲ್ಸ್‌ನಲ್ಲಿ ಒಂದೇ ಸ್ಮ್ಯಾಶ್‌ಗೆ ರ‍್ಯಾಲಿ ಮುಗಿಯುವುದು ಅಪರೂಪ. ಎದುರಾಳಿ ಹೊಡೆಯುತ್ತಿದ್ದಾಗ ಜೋಡಿ ಅಕ್ಕಪಕ್ಕ ನಿಲ್ಲುತ್ತದೆ. ಹೊಡೆತ ಯಾವ ಮೂಲೆಯಿಂದ ಬರುತ್ತಿದೆಯೋ ಅದಕ್ಕೆ ನೇರ ಎದುರಿರುವವರು ತಮ್ಮ ಬದಿ ಕಾಯಬೇಕು, ಓರೆಯಲ್ಲಿರುವವರು ನಡುವಿಗೆ ಸರಿಯಬೇಕು. ಓರೆಯವರು ತಮ್ಮ ಗೆರೆಯ ಹತ್ತಿರವೇ ಉಳಿದರೆ ನಡುವೆ ಬಾಗಿಲು ತೆರೆದಂತೆ. ಹೊಸ ಜೋಡಿಗಳು ಅತಿ ಹೆಚ್ಚು ಅಂಕ ಕಳೆಯುವುದು ಈ ನಡುವಿನ ಷಟಲ್‌ನಲ್ಲಿ: ಇಬ್ಬರೂ ಕೈ ಚಾಚುತ್ತಾರೆ, ಇಲ್ಲವೇ ಇಬ್ಬರೂ ಬಿಡುತ್ತಾರೆ. ರಕ್ಷಣೆಯಿಂದ ದಾಳಿಗೆ ತಿರುಗುವುದು ಇನ್ನೂ ಸೂಕ್ಷ್ಮ. ಒಬ್ಬರು ಚಪ್ಪಟೆ ಡ್ರೈವ್ ಆಡಿ ನೆಟ್‌ನತ್ತ ಹೆಜ್ಜೆ ಇಟ್ಟ ಕ್ಷಣವೇ ಇನ್ನೊಬ್ಬರು ಹಿಂದೆ ಮಧ್ಯಕ್ಕೆ ಬರಬೇಕು. ಅರ್ಧ ಹೆಜ್ಜೆ ತಡವಾದರೂ ಹಿಂಬದಿಯ ಒಂದು ಮೂಲೆ ಖಾಲಿ. ಇದನ್ನು ಅಂಗಣದಲ್ಲಿ ಕಲಿಸುವ ಸಾಮಾನ್ಯ ರೀತಿ ಎಂದರೆ ಬುಟ್ಟಿ ತುಂಬ ಹಳೆಯ ಷಟಲ್ ಇಟ್ಟುಕೊಂಡು ಒಬ್ಬರು ಬಿಡದೆ ಎಸೆಯುವುದು. ಒಂದು ಸುತ್ತಿಗೆ 20ರಿಂದ 25 ಷಟಲ್, ಸುತ್ತುಗಳ ನಡುವೆ ಒಂದು ನಿಮಿಷ ವಿರಾಮ, ಆರೆಂಟು ಸುತ್ತು. ಇಲ್ಲಿ ಆಗುವ ತಪ್ಪು ಒಂದೇ: ಎಸೆತ ಒಂದೇ ಲಯದಲ್ಲಿ ಬಂದರೆ ಜೋಡಿ ಎಸೆತವನ್ನು ಕಲಿಯುತ್ತದೆ, ಜೊತೆಗಾರರನ್ನು ಕಲಿಯುವುದಿಲ್ಲ. ನಾಲ್ಕೈದು ಷಟಲ್‌ಗೊಮ್ಮೆ ದಿಕ್ಕೂ ಎತ್ತರವೂ ಬದಲಾಗಲೇಬೇಕು.

ಕಂಪನಿಗಳನ್ನು ಬರಿಯ ಅಡ್ಡಿ ಎಂದುಕೊಂಡರೆ ಪ್ರಕರಣವನ್ನು ಅರ್ಧ ಓದಿದಂತೆ. ಜಪಾನಿನ ಹೆಸರಾಂತ ಜೋಡಿಗಳನ್ನು ಸಾಲಾಗಿ ನೋಡಿ. ಕುಮಿಕೊ ಒಗುರಾ ಮತ್ತು ರೇಕೊ ಶಿಯೊತಾ ಇಬ್ಬರೂ ಸಾನ್ಯೊದವರು. ಮಿಯುಕಿ ಮಾಏದಾ ಮತ್ತು ಸತೊಕೊ ಸುಎತ್ಸುನಾ ಕುಮಾಮೊಟೊದ ಎನ್‌ಇಸಿಯವರು. ಅದೇ ತಂಡ ಮುಂದೆ ರೆನೆಸಾಸ್ ಆಯಿತು, ಅಲ್ಲಿಂದ ಮಿಜುಕಿ ಫುಜೀ ಮತ್ತು ರೇಕಾ ಕಾಕಿಇವಾ ಬಂದರು. ರೆನೆಸಾಸ್ ಕೈಬಿಟ್ಟ ತಂಡವನ್ನು 2015ರಲ್ಲಿ ಸೈಶುಂಕಾನ್ ವಹಿಸಿಕೊಂಡಿತು. ಅಲ್ಲಿದ್ದ ಯೂಕಿ ಫುಕುಶಿಮಾ ಮತ್ತು ಸಯಾಕಾ ಹಿರೋತಾ ಮುಂದೆ ಗಿಫುವಿಗೆ ಹೋದಾಗ ಇಬ್ಬರೂ ಒಟ್ಟಿಗೇ ಹೋದರು. ಮಾಯು ಮಾತ್ಸುಮೊಟೊ ಮತ್ತು ವಕಾನಾ ನಾಗಹಾರಾ ಅಕಿತಾದ ಹೊಕುತೊ ಬ್ಯಾಂಕಿನವರು. ಒಂದೇ ಕಂಪನಿಯಲ್ಲಿ ಇಬ್ಬರೂ ಇದ್ದರೆ ಬೆಳಿಗ್ಗೆ, ಸಂಜೆ, ಲೀಗ್‌ನಲ್ಲಿ, ಪ್ರಯಾಣದಲ್ಲಿ ಜೊತೆಗೇ. ಜೋಡಿಯನ್ನು ಕಾಪಾಡಿದ್ದು ಕಂಪನಿ. ಆ ಜೋಡಿಗೆ ಪ್ರತಿದಿನ ತನ್ನ ಸಮಾನರ ಎದುರು ನಿಲ್ಲುವ ಅವಕಾಶ ಕೊಟ್ಟದ್ದು ಪಾರ್ಕ್ ಅವರ ಶಿಬಿರ. ಹಳೆಯ ಮನೆಯನ್ನು ಕೆಡವದೆ ಮೇಲೊಂದು ಮಹಡಿ ಕಟ್ಟಿದ್ದೇ ಅವರ ಜಾಣತನ. ಕಂಪನಿ ಲೀಗ್ ಅನ್ನು ಕೆಡವಲು ಹೊರಟಿದ್ದರೆ ಅವರು ಎರಡು ವರ್ಷವೂ ಉಳಿಯುತ್ತಿರಲಿಲ್ಲ.

ಮೊದಲ ಗುರುತು 2007ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಗುರಾ-ಶಿಯೊತಾ ಗೆದ್ದ ಕಂಚು. ಮರುವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಾಏದಾ ಮತ್ತು ಸುಎತ್ಸುನಾ ಕ್ವಾರ್ಟರ್‌ಫೈನಲ್‌ನಲ್ಲಿ ಅಗ್ರ ಶ್ರೇಯಾಂಕದ, ಅಥೆನ್ಸ್‌ನ ಚಿನ್ನ ಗೆದ್ದಿದ್ದ ಚೀನಾದ ಯಾಂಗ್ ವೇ ಮತ್ತು ಜಾಂಗ್ ಜಿಯೆವೆನ್ ಅವರನ್ನು 8-21, 23-21, 21-14ರಿಂದ ಸೋಲಿಸಿದರು. ಮೊದಲ ಗೇಮ್ 8ಕ್ಕೆ ಕಳೆದುಕೊಂಡವರು, ಅದೂ ಎದುರಾಳಿಯ ತವರಿನಲ್ಲಿ. ಕೊನೆಗೆ ನಾಲ್ಕನೇ ಸ್ಥಾನ, ಪದಕ ತಪ್ಪಿತು.

2012ರ ಲಂಡನ್‌ನ ಕಥೆ ಕನ್ನಡಿಗರಿಗೆ ಇನ್ನೊಂದು ಬದಿಯಿಂದ ಗೊತ್ತು. ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಗುಂಪಿನ ಮೊದಲ ಪಂದ್ಯ ಸೋತದ್ದು ಇದೇ ಫುಜೀ-ಕಾಕಿಇವಾ ಜೋಡಿಗೆ, 16-21, 18-21. ನಂತರ ನಮ್ಮವರು ಚೈನೀಸ್ ತೈಪೆ ಮತ್ತು ಸಿಂಗಪುರದ ಜೋಡಿಗಳನ್ನು ಸೋಲಿಸಿದರು. ಕೊನೆಯ ಪಂದ್ಯದಲ್ಲಿ ಜಪಾನ್ ಜೋಡಿ ತೈಪೆಗೆ ಸೋತಿತು. ಮೂರು ಜೋಡಿಗಳಿಗೂ ತಲಾ ಎರಡು ಗೆಲುವು, ಲೆಕ್ಕ ಅಂಕಗಳ ಅಂತರಕ್ಕೆ ಇಳಿಯಿತು, ಭಾರತ ಒಂದೇ ಒಂದು ಅಂಕದಿಂದ ಹೊರಬಿತ್ತು. ಭಾರತ ದೂರು ಕೊಟ್ಟರೂ ಫಲಿತಾಂಶ ಬದಲಾಗಲಿಲ್ಲ. ಅದೇ ಟೂರ್ನಿಯಲ್ಲಿ ಬೇಕೆಂದೇ ಸೋಲಲು ಆಡಿದ ಕಾರಣಕ್ಕೆ ಚೀನಾದ ಒಂದು, ಕೊರಿಯಾದ ಎರಡು, ಇಂಡೋನೇಷ್ಯಾದ ಒಂದು ಜೋಡಿಯನ್ನು ಹೊರಹಾಕಲಾಯಿತು. ಫುಜೀ ಮತ್ತು ಕಾಕಿಇವಾ ಸೆಮಿಫೈನಲ್‌ನಲ್ಲಿ ಎದುರಿಸಿದ್ದು ಹೀಗೆ ತೆರವಾದ ಜಾಗಕ್ಕೆ ಬಂದ ಕೆನಡಾ ಜೋಡಿಯನ್ನು. ದಾರಿ ಸ್ವಲ್ಪ ಸಲೀಸಾಗಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಫೈನಲ್‌ನಲ್ಲಿ ತಿಯಾನ್ ಚಿಂಗ್ ಮತ್ತು ಜಾವೊ ಯುನ್ಲೆ ಎದುರು ಮೊದಲ ಗೇಮ್ 10-21ಕ್ಕೆ ಸೋತ ಮೇಲೂ ಎರಡನೆಯದನ್ನು 23-25ರವರೆಗೆ ಎಳೆದ ಜೋಡಿ ಅದೃಷ್ಟದಿಂದಷ್ಟೇ ಅಲ್ಲಿಗೆ ಬಂದದ್ದಲ್ಲ. ಜಪಾನಿನ ಮೊದಲ ಒಲಿಂಪಿಕ್ ಬ್ಯಾಡ್ಮಿಂಟನ್ ಪದಕ ಆ ಬೆಳ್ಳಿ.

ಚಿನ್ನ ಬಂದದ್ದು ರಿಯೊದಲ್ಲಿ. ಅಯಾಕಾ ತಾಕಹಾಶಿ ಮತ್ತು ಮಿಸಾಕಿ ಮಾತ್ಸುತೊಮೊ ಸೆಂದಾಯಿಯ ಒಂದೇ ಶಾಲೆಯಲ್ಲಿ ಓದುತ್ತಿದ್ದಾಗ, 2007ರಲ್ಲಿ, ಜೋಡಿಯಾದವರು. ಇಬ್ಬರೂ ಮುಂದೆ ನಿಹೋನ್ ಯುನಿಸಿಸ್ ಸೇರಿದರು. 2014ರಲ್ಲಿ ವಿಶ್ವದ ಮೊದಲ ರ‍್ಯಾಂಕ್, 2016ರಲ್ಲಿ 38 ವರ್ಷಗಳ ನಂತರ ಜಪಾನಿಗೆ ಮಹಿಳಾ ಡಬಲ್ಸ್‌ನ ಆಲ್ ಇಂಗ್ಲೆಂಡ್ ಪ್ರಶಸ್ತಿ. ತಾಕಹಾಶಿ ಹಿಂಬದಿಯಲ್ಲಿ ನಿಂತು ಹೊಡೆಯುವವರು, ಎರಡು ವರ್ಷ ಕಿರಿಯ ಮಾತ್ಸುತೊಮೊ ನೆಟ್ ಬಳಿ ಆಟ ಹೆಣೆಯುವವರು. ಸ್ಮ್ಯಾಶ್‌ಗೆ ಬರುವ ಉತ್ತರ ಎಲ್ಲಿ ಬೀಳಲಿದೆ ಎಂದು ಮೊದಲೇ ಅಂದಾಜಿಸಿ ಅಲ್ಲಿ ರ‍್ಯಾಕೆಟ್ ಇಟ್ಟು ಕಾಯುವುದು ಮಾತ್ಸುತೊಮೊ ಅವರ ಕಲೆ. ಹಿಂದಿನವರು ಎಲ್ಲಿಗೆ ಹೊಡೆಯುತ್ತಾರೆ ಎಂದು ನೋಡದೆಯೇ ಗೊತ್ತಿದ್ದರೆ ಮಾತ್ರ ಇದು ಸಾಧ್ಯ, ನೆಟ್ ಬಳಿ ನಿಂತವರು ಹಿಂತಿರುಗಿ ನೋಡುವಂತಿಲ್ಲ. ಡೆನ್ಮಾರ್ಕ್‌ನ ಕಮಿಲಾ ರಿಟ್ಟರ್ ಯೂಲ್ ಮತ್ತು ಕ್ರಿಸ್ಟಿನಾ ಪೆಡರ್ಸನ್ ಎದುರಿನ ಫೈನಲ್‌ನಲ್ಲಿ ಮೊದಲ ಗೇಮ್ 18-21ಕ್ಕೆ ಹೋಯಿತು, ಎರಡನೆಯದು 21-9ಕ್ಕೆ ಬಂತು. ಮೂರನೆಯದರಲ್ಲಿ 16-19. ಎದುರಾಳಿಗೆ ಚಿನ್ನಕ್ಕೆ ಎರಡೇ ಅಂಕ ಬಾಕಿ. ಅಲ್ಲಿಂದ ಸತತ ಐದು ಅಂಕ, 21-19. ಒಂಬತ್ತು ವರ್ಷ ಹಳೆಯ ಜೋಡಿಗೆ ಆ ಹೊತ್ತಿನಲ್ಲಿ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿರಲಿಲ್ಲ, ರೂಢಿಯಾದದ್ದನ್ನೇ ಆಡಿದರು.

ಪುರುಷರ ಡಬಲ್ಸ್‌ನಲ್ಲಿ ಹಿರೋಯುಕಿ ಎಂದೊ ಅವರ ಆಟಜೀವನ ಇದೇ ಪ್ರಕರಣದ ಇನ್ನೊಂದು ಎಳೆ. ನಿಹೋನ್ ಯುನಿಸಿಸ್‌ನ ಕೆನಿಚಿ ಹಯಕಾವಾ ಜೊತೆ 2014ರಲ್ಲಿ ನವದೆಹಲಿಯಲ್ಲಿ ಜಪಾನ್ ಪುರುಷ ತಂಡಗಳ ವಿಶ್ವ ಟೂರ್ನಿ ಥಾಮಸ್ ಕಪ್ ಗೆಲ್ಲಲು ನೆರವಾದರು. ಫೈನಲ್‌ನಲ್ಲಿ ಮಲೇಷ್ಯಾ ವಿರುದ್ಧ ಮೊದಲ ಸಿಂಗಲ್ಸ್ ಸೋತಿದ್ದ ಜಪಾನನ್ನು ಸಮಕ್ಕೆ ತಂದದ್ದು ಇವರ 12-21, 21-17, 21-19ರ ಗೆಲುವು. ಆದರೆ ಆಲ್ ಇಂಗ್ಲೆಂಡ್ ಫೈನಲ್‌ಗಳನ್ನು 2013, 2014, 2016ರಲ್ಲಿ ಮೂರು ಸಲವೂ ಸೋತರು. ರಿಯೊ ನಂತರ ಎಂದೊಗೆ 30 ತುಂಬುವ ಹೊತ್ತಿಗೆ ಅದೇ ಕಂಪನಿಗೆ ಬಂದ, ಹತ್ತು ವರ್ಷ ಕಿರಿಯ, ಎಡಗೈ ಆಟಗಾರ ಯೂತಾ ವತನಾಬೆ ಜೊತೆಯಾದರು. ಎಡಗೈ ಸೇರಿದರೆ ಜೋಡಿಯ ನಕ್ಷೆಯೇ ತಿರುಗುತ್ತದೆ. ಇಬ್ಬರೂ ಬಲಗೈಯವರಾದರೆ ನಡುವಿನ ಷಟಲ್ ಎಡಬದಿಯಲ್ಲಿ ನಿಂತವರ ಫೋರ್‌ಹ್ಯಾಂಡ್‌ಗೆ ಸಲ್ಲುತ್ತದೆ, ಅಷ್ಟೇ ನಿಯಮ. ಎಡಗೈಯವರು ಬಲಬದಿಗೆ ನಿಂತಾಗ ಇಬ್ಬರ ಫೋರ್‌ಹ್ಯಾಂಡೂ ನಡುವೆ ಬಂದು ರ‍್ಯಾಕೆಟ್‌ಗೆ ರ‍್ಯಾಕೆಟ್ ತಾಗುತ್ತದೆ. ಬದಿ ಬದಲಾದರೆ ನಡುವೆ ಎರಡು ಬ್ಯಾಕ್‌ಹ್ಯಾಂಡ್, ಬಾಗಿಲು ತೆರೆದಂತೆ. ಷಟಲ್‌ನ 16 ಗರಿಗಳು ಒಂದರ ಮೇಲೊಂದು ಒಂದೇ ದಿಕ್ಕಿಗೆ ಮಲಗಿರುವುದರಿಂದ ಅದು ಒಂದೇ ಕಡೆ ತಿರುಗುತ್ತದೆ, ಹಾಗಾಗಿ ಎಡಗೈಯ ಸ್ಲೈಸ್ (ಷಟಲ್ ಅನ್ನು ಓರೆಯಾಗಿ ಸವರುವ ಹೊಡೆತ) ಬಲಗೈಯದಕ್ಕಿಂತ ಬೇರೆಯಾಗಿ ಬೀಳುತ್ತದೆ. ಇದು ಎದುರಾಳಿಗೆ ತೊಡಕು, ಜೊತೆಗಾರನಿಗೂ ಹೊಸ ಪಾಠ. ಆ ಪಾಠಕ್ಕೆ ಮೂರ್ನಾಲ್ಕು ವರ್ಷ ಹಿಡಿಯಿತು. 2020ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಆಗಿನ ಅಗ್ರ ಜೋಡಿ ಇಂಡೋನೇಷ್ಯಾದ ಗಿಡಿಯೋನ್ ಮತ್ತು ಸುಕಮುಲ್ಜೊ ಅವರನ್ನು 21-18, 12-21, 21-19ರಿಂದ ಸೋಲಿಸಿದಾಗ ಎಂದೊಗೆ 33. ಮರುವರ್ಷವೂ ಪ್ರಶಸ್ತಿ ಅವರದೇ.

ಈ ನಡುವೆ ಪಾರ್ಕ್ ಎಲ್ಲವನ್ನೂ ತಾವೇ ಹಿಡಿದುಕೊಳ್ಳಲಿಲ್ಲ. ಮಿಶ್ರ ಡಬಲ್ಸ್‌ಗೆ ಮಲೇಷ್ಯಾದ ಜೆರೆಮಿ ಗಾನ್ ಬಂದರು, 2018ರಲ್ಲಿ ವತನಾಬೆ ಮತ್ತು ಅರಿಸಾ ಹಿಗಾಶಿನೊ ಜಪಾನಿಗೆ ಮೊದಲ ಮಿಶ್ರ ಡಬಲ್ಸ್ ಆಲ್ ಇಂಗ್ಲೆಂಡ್ ತಂದರು. ಪುರುಷರ ಡಬಲ್ಸ್‌ಗೆ ಬಂದ ತಾನ್ ಕಿಮ್ ಹರ್ ಅವರು ಅದಕ್ಕೆ ಮೊದಲು ಭಾರತದಲ್ಲಿ ಸಾತ್ವಿಕ್ ಮತ್ತು ಚಿರಾಗ್ ಅವರನ್ನು ಜೋಡಿ ಮಾಡಿದವರು.

2018 ಜಪಾನಿನ ಶಿಖರ. 37 ವರ್ಷಗಳ ನಂತರ ಉಬರ್ ಕಪ್. ನಾನ್‌ಜಿಂಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳಾ ಡಬಲ್ಸ್ ಫೈನಲ್ ಪೂರ್ತಿ ಜಪಾನಿನದು: ಮಾತ್ಸುಮೊಟೊ-ನಾಗಹಾರಾ, ಫುಕುಶಿಮಾ-ಹಿರೋತಾ ಎದುರು 19-21, 21-19, 22-20. ಮರುವರ್ಷ ಬಾಸೆಲ್‌ನಲ್ಲೂ ಅದೇ ಫೈನಲ್, ಅದೇ ವಿಜೇತರು, 21-11, 20-22, 23-21. ವಿಶ್ವ ರ‍್ಯಾಂಕಿಂಗ್‌ನ ಮೊದಲ ಮೂರು ಸ್ಥಾನವೂ ಜಪಾನಿಗೆ.

ಕಷ್ಟ ಶುರುವಾದದ್ದು ಇಲ್ಲೇ. ಒಲಿಂಪಿಕ್ಸ್‌ನಲ್ಲಿ ಒಂದು ದೇಶದಿಂದ ಹೆಚ್ಚೆಂದರೆ ಎರಡು ಜೋಡಿ. ಮೂರು ಅಗ್ರ ಜೋಡಿಗಳು ಎರಡು ಜಾಗಕ್ಕಾಗಿ, ತವರಿನ ಒಲಿಂಪಿಕ್ಸ್‌ಗಾಗಿ, 2019ರಿಂದ ವಾರವಾರ ಒಬ್ಬರನ್ನೊಬ್ಬರು ಬೆನ್ನಟ್ಟಿದವು. ಯಾರೂ ಒಂದು ಟೂರ್ನಿ ಬಿಡುವಂತಿಲ್ಲ, ಬಿಟ್ಟರೆ ಅಂಕ ಪಕ್ಕದ ಕೋಣೆಯವರಿಗೆ. ಹಿಂದೆ ಬಿದ್ದವರು ರಿಯೊ ಚಾಂಪಿಯನ್ನರು. ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋದಾಗ ತಾಕಹಾಶಿ 2020ರ ಆಗಸ್ಟ್‌ನಲ್ಲಿ ನಿವೃತ್ತಿ ಹೇಳಿದರು, ಮಾತ್ಸುತೊಮೊ ಮಿಶ್ರ ಡಬಲ್ಸ್‌ಗೆ ಹೋದರು. 2021ರ ಜನವರಿಯಲ್ಲಿ ಜಪಾನಿನ ಅಗ್ರ ಸಿಂಗಲ್ಸ್ ಆಟಗಾರ ಕೆಂತೊ ಮೊಮೊತಾಗೆ ನರಿತಾ ವಿಮಾನ ನಿಲ್ದಾಣದಲ್ಲಿ ಕೊರೊನಾ ಪತ್ತೆಯಾಗಿ ಇಡೀ ತಂಡ ಥಾಯ್ಲೆಂಡ್ ಪ್ರವಾಸ ಕೈಬಿಟ್ಟಿತು. ಮಾರ್ಚ್‌ನ ಆಲ್ ಇಂಗ್ಲೆಂಡ್‌ನಲ್ಲಿ ಐದರಲ್ಲಿ ನಾಲ್ಕು ಪ್ರಶಸ್ತಿ ಗೆದ್ದು ಎಲ್ಲ ಸರಿಯಿದೆ ಎನ್ನಿಸಿತು. ಆಮೇಲೆ ಜುಲೈವರೆಗೆ ದೊಡ್ಡ ಟೂರ್ನಿಗಳೇ ರದ್ದಾದವು. ಜೂನ್‌ನಲ್ಲಿ ಹಿರೋತಾ ಅವರ ಬಲಮಂಡಿಯ ಲಿಗಮೆಂಟ್ ಹರಿಯಿತು. ಮಂಡಿಗೆ ದಪ್ಪ ಪಟ್ಟಿ ಕಟ್ಟಿಕೊಂಡೇ ಆಡಿದರು.

ಟೋಕಿಯೊದಲ್ಲಿ ಎರಡೂ ಜೋಡಿ ಕ್ವಾರ್ಟರ್‌ಫೈನಲ್‌ನಲ್ಲಿ ಸೋತವು. ಫುಕುಶಿಮಾ-ಹಿರೋತಾ ಚೀನಾದ ಚೆನ್ ಚಿಂಗ್‌ಚೆನ್ ಮತ್ತು ಜಿಯಾ ಯಿಫಾನ್ ಎದುರು ಮೊದಲ ಗೇಮ್ ಗೆದ್ದು, ಮುಂದಿನ ಎರಡನ್ನೂ 10ಕ್ಕೆ ಬಿಟ್ಟರು. ಮಾತ್ಸುಮೊಟೊ-ನಾಗಹಾರಾ ಕೊರಿಯಾ ಜೋಡಿಗೆ ಮೂರನೇ ಗೇಮ್ 26-28ರಲ್ಲಿ ಕಳೆದುಕೊಂಡರು. ಎಂದೊ-ವತನಾಬೆ ಕೂಡ ಎಂಟರ ಘಟ್ಟದಲ್ಲೇ, ಮುಂದೆ ಚಿನ್ನ ಗೆದ್ದ ತೈಪೆಯ ಲೀ ಯಾಂಗ್ ಮತ್ತು ವಾಂಗ್ ಚಿ-ಲಿನ್‌ಗೆ ಸೋತರು. ಉಳಿದದ್ದು ಮಿಶ್ರ ಡಬಲ್ಸ್‌ನ ಒಂದು ಕಂಚು. ಟೂರ್ನಿಗಳಿಲ್ಲದ ಬರ ಎಲ್ಲ ದೇಶಗಳಿಗೂ ಒಂದೇ ಆಗಿತ್ತು, ಅದನ್ನೇ ಕಾರಣ ಎನ್ನಲಾಗದು. ನಮ್ಮ ತೀರ್ಮಾನ ಬೇರೆ: ಶಿಬಿರದ ಬಲವೇ ಆ ಬೇಸಿಗೆ ಅದರ ಕೊರತೆಯಾಯಿತು. ತಿಂಗಳುಗಟ್ಟಲೆ ಅದೇ ಅಂಗಣದಲ್ಲಿ ಅದೇ ಜೋಡಿಗಳು ಪರಸ್ಪರ ಆಡುತ್ತ ಹೋದಾಗ ಒಬ್ಬರ ಆಟ ಇನ್ನೊಬ್ಬರಿಗೆ ಕಂಠಪಾಠವಾಗುತ್ತದೆ, ಹೊರಗಿನವರ ಹೊಸ ಹೊಡೆತಕ್ಕೆ ಕಣ್ಣು ಪಳಗುವುದಿಲ್ಲ. ಅದರ ಮೇಲೆ ಎರಡು ವರ್ಷದ ಒಳಪೈಪೋಟಿ ಮೈಯನ್ನು ಸವೆಸಿತ್ತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ತೊನಾಮಿಯ ತಕುರೊ ಹೊಕಿ ಮತ್ತು ಯೂಗೊ ಕೊಬಾಯಾಶಿ ಸ್ಪೇನ್‌ನ ಹುಎಲ್ವಾದಲ್ಲಿ ಪುರುಷರ ಡಬಲ್ಸ್ ವಿಶ್ವ ಪ್ರಶಸ್ತಿ ಗೆದ್ದರು, ಜಪಾನಿಗೆ ಆ ವಿಭಾಗದಲ್ಲಿ ಮೊದಲನೆಯದು. 2024ರ ಪ್ಯಾರಿಸ್‌ನಲ್ಲಿ ನಾಮಿ ಮಾತ್ಸುಯಾಮಾ ಮತ್ತು ಚಿಹಾರು ಶಿದಾ ಮಹಿಳಾ ಡಬಲ್ಸ್‌ನಲ್ಲಿ, ವತನಾಬೆ ಮತ್ತು ಹಿಗಾಶಿನೊ ಮಿಶ್ರ ಡಬಲ್ಸ್‌ನಲ್ಲಿ ಕಂಚು ಪಡೆದರು. ಗುಂಪಿನ ಹಂತದಲ್ಲಿ ಅಶ್ವಿನಿ ಪೊನ್ನಪ್ಪ ಮತ್ತು ತನಿಶಾ ಕ್ರಾಸ್ಟೊ ಎದುರಾದದ್ದು ಮಾತ್ಸುಯಾಮಾ-ಶಿದಾ ಜೋಡಿಗೇ, 11-21, 12-21. ಹನ್ನೆರಡು ವರ್ಷಗಳಲ್ಲಿ ಜಪಾನ್ ಕಡೆಯ ಜೋಡಿ ಮೂರ್ನಾಲ್ಕು ಸಲ ಬದಲಾಗಿತ್ತು, ಭಾರತದ ಕಡೆ ಅಶ್ವಿನಿ ಇನ್ನೂ ಅಲ್ಲೇ ನಿಂತಿದ್ದರು.

ಪಾರ್ಕ್ 2025ರ ಮಾರ್ಚ್‌ನಲ್ಲಿ ಜಪಾನ್ ಬಿಟ್ಟು, ಏಪ್ರಿಲ್‌ನಲ್ಲಿ ಕೊರಿಯಾ ತಂಡದ ಮುಖ್ಯ ಕೋಚ್ ಆದರು. ಆ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೊರಿಯಾದ ಕಿಮ್ ವೊನ್-ಹೊ ಮತ್ತು ಸಿಯೊ ಸುಂಗ್-ಜೇ ಪುರುಷರ ಡಬಲ್ಸ್ ಗೆದ್ದರು. ಪಾರ್ಕ್ ಬಿಟ್ಟುಬಂದ ಜಪಾನ್ ತಂಡದಲ್ಲಿ ಆ ಹೊತ್ತಿಗೆ ಫುಕುಶಿಮಾಗೆ ಹೊಸ ಜೊತೆಗಾರ್ತಿ ಸಿಕ್ಕಿದ್ದರು. ನಾನ್‌ಜಿಂಗ್ ಮತ್ತು ಬಾಸೆಲ್‌ನ ಎರಡು ಫೈನಲ್‌ಗಳಲ್ಲಿ ನೆಟ್‌ನ ಆಚೆ ಬದಿ ನಿಂತು ಅವರನ್ನು ಸೋಲಿಸಿದ್ದ ಮಾಯು ಮಾತ್ಸುಮೊಟೊ.